ಶುಕ್ರವಾರದ ಜಂಬಲಾಯ

ಮೆಸ್ ಅಂಕಲ್ ಅವರ ಕೈಗಳ ಮೇಲೆ, ಬೆರಳಿನಿಂದ ಮೊಣಕೈವರೆಗೆ, ಒಂದೇ ಒಂದು ಕೂದಲಿರಲಿಲ್ಲ. ಎದೆಯ ಮೇಲೆ, ಕಿವಿಯ ಮೇಲೆ ಬೇಕಾದಷ್ಟಿತ್ತು. ಕೈ ಮಾತ್ರ ಕೂಸಿನ ಕೈಯ ಹಾಗೆ ನುಣುಪು. ಕುವೈತಿನಲ್ಲಿ, ಜಹ್ರಾದಾಚೆಯ ಮರಳುಗಾಡಿನ ಅಮೆರಿಕನ್ ಸೇನಾ ಕ್ಯಾಂಪಿನ ಮೆಸ್ಸಿನಲ್ಲಿ ಅವರು ಅಡುಗೆಯವರು. ಅಲ್ಲಿನ ದೊಡ್ಡ ಒಲೆಗಳ ಉರಿಗೆ ಸುಟ್ಟ ಕೂದಲು ಮತ್ತೆ ಹುಟ್ಟಲು ಪುರುಸೊತ್ತೇ ಸಿಕ್ಕಿರಲಿಲ್ಲ. "ಈ ಕೈಯಲ್ಲಿ ಕೂದಲು ಕಂಡ ದಿನ ನಾನು ಕೆಲಸ ಬಿಟ್ಟೆ ಅಂತ ತಿಳ್ಕೊ" ಎಂದು ತೋಳು ಮುಂದೆ ಚಾಚಿ ಹೆಮ್ಮೆಪಡುತ್ತಿದ್ದರು.

ಹವಲ್ಲಿಯ ಹಳೆಯ ಕಟ್ಟಡವೊಂದರಲ್ಲಿ ನಮ್ಮದು ಎದುರುಬದುರು ಬಾಗಿಲು. ನಾನು ಮಂಡ್ಯದ ಕಡೆಯವಳು, ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಶಿಯನ್. ಒಬ್ಬಳೇ ಇದ್ದೆ. ಅವರು ಮಂಗಳೂರಿನ ಕೊಂಕಣಿ ಕ್ರೈಸ್ತರು, ಮಕ್ಕಳಿಲ್ಲದ ಗಂಡ ಹೆಂಡತಿ. ವಾರವಿಡೀ ಕ್ಯಾಂಪಿನಲ್ಲೇ ಇದ್ದು ಶುಕ್ರವಾರ ಮನೆಗೆ ಬರುವ ಅಂಕಲ್, ಅಂದೂ ಸೌಟು ಕೆಳಗಿಡುತ್ತಿರಲಿಲ್ಲ.

ನಮ್ಮ ಪರಿಚಯವಾದದ್ದೇ ಜಗಳದಿಂದ. ಒಂದು ಶುಕ್ರವಾರ ಎದುರು ಮನೆಯಿಂದ ತಳ ಹಿಡಿದ ವಾಸನೆ ಬಂತು. ನಮ್ಮ ಕಡೆ ಅಡುಗೆ ತಳ ಹಿಡಿಯಿತೆಂದರೆ ಆ ಮನೆಯ ಹೆಂಗಸಿನ ಮಾನ ಹೋದಂತೆಯೇ. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ದಬದಬ ಬಾಗಿಲು ಬಡಿದೆ. "ಯಾರ‍್ರೀ ಒಳಗೆ? ತಳ ಹಿಡೀತಾ ಇದೆ, ವಾಸನೆ ಬರಲ್ವಾ ನಿಮಗೆ?" ಆಂಟಿ ಬಾಗಿಲು ತೆಗೆದದ್ದೇ ತಡ, ಅಡುಗೆಮನೆಗೆ ನುಗ್ಗಿ, ಕೈಗೆ ಸಿಕ್ಕ ಚೊಂಬಿನ ನೀರನ್ನು ಪಾತ್ರೆಗೆ ಸುರಿದುಬಿಟ್ಟೆ.

ಒಲೆಯ ಮುಂದೆ ನಿಂತಿದ್ದ ಅಂಕಲ್ ಪಾತ್ರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಎಂತ ಮಾರಾಯ್ತಿ ನೀನು! ಅದು ತಳ ಹಿಡಿಯಲಿ ಅಂತಲೇ ನಾನು ಕಾಯ್ತಾ ಇದ್ದದ್ದು."

ಜಂಬಲಾಯ ಎಂಬ ಹೆಸರು ಕೇಳಿದ್ದು ಅಂದೇ. ಅಮೆರಿಕದ ಲೂಯಿಸಿಯಾನದ ಕೇಜನ್ ಜನರ ಒಂದೇ ಪಾತ್ರೆಯ ಅನ್ನವಂತೆ. ಆ ಕಡೆಯ ಒಬ್ಬ ಸಾರ್ಜೆಂಟ್ ಕ್ಯಾಂಪಿನಲ್ಲಿ ಕಲಿಸಿಕೊಟ್ಟಿದ್ದ. ದಪ್ಪ ಕಬ್ಬಿಣದ ಪಾತ್ರೆಯಲ್ಲಿ ಕೋಳಿ, ಸಾಸೇಜು ಹುರಿಯಬೇಕು. ಹಂದಿಯದು ಕುವೈತಿನಲ್ಲಿ ಸಿಗದು, ಆದ್ದರಿಂದ ದನದ್ದು. ಆಮೇಲೆ ಈರುಳ್ಳಿ, ಸೆಲರಿ, ಕ್ಯಾಪ್ಸಿಕಂ. ಎಲ್ಲ ತಳಕ್ಕೆ ಅಂಟಿ ಕಂದು ಬಣ್ಣಕ್ಕೆ ಬರಬೇಕು. ಇನ್ನೇನು ಸೀಯುತ್ತದೆ ಎನ್ನುವಾಗ ಕೋಳಿ ಬೇಯಿಸಿದ ನೀರು ಹೊಯ್ದು, ತಳ ಕೆರೆದು, ಅಕ್ಕಿ ಹಾಕಿ ಮುಚ್ಚಬೇಕು. ಬಣ್ಣ, ರುಚಿ ಎಲ್ಲ ಆ ತಳದ್ದು. "ಟೊಮೆಟೊ ಹಾಕಿ ಕೆಂಪು ಮಾಡುವವರು ಕಳ್ಳರು" ಎನ್ನುತ್ತಿದ್ದರು. "ನೀರು ಯಾವಾಗ ಹೊಯ್ಯಬೇಕು ಅಂತ ಮೂಗು ಹೇಳ್ತದೆ. ಕಣ್ಣಿಗೆ ಕಾಣುವಾಗ ತಡ ಆಗಿರ್ತದೆ."

ಆ ದಿನದಿಂದ ಪ್ರತಿ ಶುಕ್ರವಾರ ನನಗೂ ಅಲ್ಲೇ ಊಟ. ಜ್ವರ ಬಂದು ಮಲಗಿದಾಗ ಗಂಜಿ ಅಲ್ಲಿಂದಲೇ. ಅಮ್ಮ ತೀರಿಕೊಂಡ ಸುದ್ದಿ ಬಂದಾಗ, ನಾನು ಕದ ಹಾಕಿಕೊಂಡು ಕೂತಿದ್ದರೆ, ಹೊರಗೆ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತವರು ಅಂಕಲ್. "ತಿನ್ನಬೇಡ. ಬಾಗಿಲು ಮಾತ್ರ ತೆಗಿ" ಎಂದಿದ್ದರು.

ಒಂದು ದಿನ ಮೆಸ್ಸಿನ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಅಂಕಲ್ ತಲೆಯ ಹಿಂಭಾಗಕ್ಕೆ ಪೆಟ್ಟಾಯಿತು. ಗಾಯ ಬೇಗ ಮಾಗಿತು. ವಾಸನೆ ತಿಳಿಯುವ ಶಕ್ತಿ ಹೋದದ್ದು ಮಾತ್ರ ಮತ್ತೆ ಬರಲಿಲ್ಲ. "ಉಪ್ಪು ಗೊತ್ತಾಗ್ತದೆ, ಖಾರ ಗೊತ್ತಾಗ್ತದೆ. ಮತ್ತೆ ಎಂತದೂ ಇಲ್ಲ. ಬಿಸಿ ಹತ್ತಿ ತಿಂದ ಹಾಗೆ" ಎಂದರು. ಕಂಪನಿಯವರು ಅವರನ್ನು ಸಾಮಾನಿನ ಗೋದಾಮಿಗೆ ಹಾಕಿದರು. ಇಕಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ಮುಗಿಯುವ ಮೊದಲು ಮೆಸ್ಸಿನಲ್ಲಿ ಒಬ್ಬರೇ ನಿಂತು ಅಡುಗೆ ಮಾಡಿ ತೋರಿಸಬೇಕು, ಆಗದಿದ್ದರೆ ಊರಿಗೆ ಹೊರಡಬೇಕು ಎಂದು ಸೂಪರ್‌ವೈಸರ್ ಹೇಳಿಬಿಟ್ಟ.

ಅಂಕಲ್ ಶುಕ್ರವಾರದ ಪಾತ್ರೆ ಬಿಡಲಿಲ್ಲ. ಮೂಗು ಹಿಂತಿರುಗಿದೆಯೇ ಎಂದು ನೋಡಲು ಅವರಿಗೆ ಅದೊಂದೇ ಪರೀಕ್ಷೆ. ನಾನು ಪಕ್ಕದಲ್ಲಿ ನಿಂತು ತಳ ಹಿಡಿದ ಕೂಡಲೇ "ಈಗ!" ಎಂದು ಕೂಗಬೇಕು, ಅವರು ನೀರು ಹೊಯ್ಯಬೇಕು. "ಕೋಪ ಇರುವ ಮೂಗು ಚುರುಕು ಮಾರಾಯ್ತಿ" ಎಂದು ನಗುತ್ತಿದ್ದರು. ಮುಚ್ಚಳ ತೆಗೆದಾಗ ಮಾತ್ರ ಆವಿಯ ಮೇಲೆ ಬಗ್ಗಿ ತುಂಬ ಹೊತ್ತು ನಿಲ್ಲುತ್ತಿದ್ದರು. ತಲೆ ಎತ್ತಿದಾಗ ಆ ಮುಖ ನೋಡಲಾಗುತ್ತಿರಲಿಲ್ಲ. ನಾನು ಲೋಟ ತೊಳೆಯುವ ನೆಪ ಮಾಡುತ್ತಿದ್ದೆ.

ನಮ್ಮ ಕ್ಲಿನಿಕ್ಕಿನ ಡಾಕ್ಟರರನ್ನು ಕೇಳಿದೆ. ಇಷ್ಟು ಕಾಲವಾದ ಮೇಲೆ ಬರುವುದು ಕಷ್ಟ, ಆಸೆ ಇಟ್ಟುಕೊಳ್ಳಬೇಡಿ ಎಂದರು. ಆಂಟಿಗೆ ಹೇಳಿದೆ. ಆಕೆ ಮಾತೆಯ ಪಟದ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದವರು ತಿರುಗಿಯೂ ನೋಡಲಿಲ್ಲ. "ಅವರಿಗೆ ಹೇಳಬೇಡ ಮಗಾ. ಇದೊಂದು ಆಸೆ ಉಂಟಲ್ಲ, ಇರಲಿ."

ಕ್ಯಾಂಪಿನ ಪರೀಕ್ಷೆಯ ಹಿಂದಿನ ಶುಕ್ರವಾರ ಅಂಕಲ್ ಹೊಸ ಶರ್ಟು ಹಾಕಿದ್ದರು. "ಇವತ್ತು ನೀನು ಬಾಯಿ ಬಿಡಬಾರದು. ಮೆಸ್ಸಿಗೆ ನಿನ್ನನ್ನು ಕಟ್ಟಿಕೊಂಡು ಹೋಗ್ಲಿಕ್ಕೆ ಆಗ್ತದಾ?" ಎಂದರು. ನಾನು ಬಾಗಿಲಿಗೆ ಒರಗಿ ನಿಂತೆ. ಈರುಳ್ಳಿ ಬಿತ್ತು. ಘಮ ಬಂತು. ತಳ ಹಿಡಿಯಿತು. ಈಗ, ಈಗ ಎಂದು ಗಂಟಲವರೆಗೆ ಬಂದದ್ದನ್ನು ನುಂಗಿಕೊಂಡೆ. ಅಂಕಲ್ ಕಣ್ಣು ಮುಚ್ಚಿ ಮೂಗಿನಿಂದ ಉಸಿರೆಳೆಯುತ್ತ ನಿಂತಿದ್ದರು. ಹೊತ್ತು ಮೀರಿತು. ಸೀದ ವಾಸನೆ ಅಡುಗೆಮನೆ ತುಂಬಿತು.

ಆಗ ಅವರ ಮುಖ ಅರಳಿತು. "ಬಂತು!" ಎಂದರು. "ಬಂತು ಮಾರಾಯ್ತಿ! ಈರುಳ್ಳಿ... ಸಿಹಿ ಸಿಹಿ ಬರ‍್ತಾ ಉಂಟು!"

ಕಣ್ಣು ತೆರೆದು ನಮ್ಮತ್ತ ತಿರುಗಿದರು. ಆಂಟಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ನನಗೆ ಕೆಮ್ಮು ತಡೆಯಲಾಗುತ್ತಿರಲಿಲ್ಲ. ಪಾತ್ರೆಯಿಂದ ಕಪ್ಪು ಹೊಗೆ ಏಳುತ್ತಿತ್ತು.

ಅಂಕಲ್ ಗ್ಯಾಸ್ ಆರಿಸಿದರು. "ಖಲಾಸ್" ಎಂದರು ಮೆಲ್ಲಗೆ.

ಆದರೂ ಅವರು ಆ ಪಾತ್ರೆ ಚೆಲ್ಲಲಿಲ್ಲ. ನೀರು ಹೊಯ್ದು, ಅಕ್ಕಿ ಹಾಕಿ, ಮುಚ್ಚಿ, ಬೇಯಿಸಿ, ಮೂವರಿಗೂ ಬಡಿಸಿದರು. ತಾವು ತಟ್ಟೆ ಖಾಲಿ ಮಾಡಿ ಕೇಳಿದರು. "ಹೇಗಾಗಿದೆ? ಸರಿಯಾಗಿ ಹೇಳು."

"ಸೀದಿದೆ ಅಂಕಲ್. ಕಹಿ."

"ಅಷ್ಟು ಗೊತ್ತಾಗ್ತದಲ್ಲ ನಿನಗೆ," ಎಂದರು. "ಪುಣ್ಯವಂತೆ."

ಅವರು ಪರೀಕ್ಷೆಗೆ ಹೋಗಲೇ ಇಲ್ಲ. ಇಕಾಮಾ ಮುಗಿಯುವ ಮೊದಲೇ ಇಬ್ಬರೂ ಊರಿಗೆ ಹೊರಟರು. ಕಬ್ಬಿಣದ ಪಾತ್ರೆ ನನಗೆ ಬಿಟ್ಟು ಹೋದರು. ಅದರಲ್ಲಿ ಜಂಬಲಾಯ ಮಾಡಲು ನಿಂತಾಗಲೆಲ್ಲ ತಳ ಹಿಡಿಯುವ ಹೊತ್ತಿಗೆ, ಈಗ ಎನ್ನಲು ಪಕ್ಕಕ್ಕೆ ತಿರುಗುತ್ತೇನೆ. ಎಷ್ಟೋ ಸಲ ನೀರು ಹೊಯ್ಯುವುದು ತಡವಾಗಿ, ಸೀದದ್ದನ್ನೇ ತಿಂದಿದ್ದೇನೆ.

ಕೆಲವು ವರ್ಷಗಳ ನಂತರ ಆಂಟಿಯ ಫೋನ್ ಬಂತು. ಅಂಕಲ್ ನಿದ್ದೆಯಲ್ಲೇ ಹೋಗಿದ್ದರು. ಮಣ್ಣು ಮಾಡಿಯೂ ಆಗಿತ್ತು. ಊರಿನಲ್ಲಿ ಏನಾದರೂ ಅಡುಗೆ ಮಾಡುತ್ತಿದ್ದರೇ ಎಂದು ಕೇಳಿದೆ.

"ಇಲ್ಲ ಮಗಾ. ಅಡುಗೆಮನೆಗೆ ಕಾಲಿಡ್ಲಿಲ್ಲ," ಎಂದರು ಆಂಟಿ. "ಪೆಟ್ಟಿಗೆಯಲ್ಲಿ ಮಲಗಿಸಿ ಕೈಗೆ ಜಪಸರ ಸುತ್ತುವಾಗ ನೋಡಿದೆ. ಕೈ ತುಂಬ ಕೂದಲು ಬಂದಿತ್ತು."