ಖಾಲಿ ಬಿಟ್ಟ ಜಾಗದ ಹಸಿರು

ನಕ್ಷೆಯಣ್ಣನಿಗೆ ಜಂಬ ಅಂತ ಏನಾದರೂ ಇದ್ದರೆ ಅದು ಒಂದೇ ವಿಷಯಕ್ಕೆ: ತಾನು ಮಾಡಿದ್ದು ಹತ್ತು ಜನರ ಕೈಗೆ ಹೋಗಬೇಕು. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಶಾಯಿ, ಅಡಿಪಟ್ಟಿ ಹಿಡಿದು ಕೊಳಾಯಿಗಳ ನಕ್ಷೆ ಬರೆದವನು. ಕಂಪ್ಯೂಟರು ಬಂದಾಗ ಉಳಿದವರು ಮೂಗು ಮುರಿದರು; ಇವನು ನಲವತ್ತಾರನೇ ವಯಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಒಂದು ಹರಕು ಪುಸ್ತಕ ಇಟ್ಟುಕೊಂಡು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತ. "ಹೆಸರೇ ಹೆಬ್ಬಾವು, ನಿಮ್ಮನ್ನ ನುಂಗಿಬಿಟ್ಟೀತು ಹುಷಾರು" ಎಂದು ಹೆಂಡತಿ ಕಾಡುತ್ತಿದ್ದಳು.

ಕಲಿತದ್ದನ್ನು ಅವನು ಬಚ್ಚಿಡಲಿಲ್ಲ. ಕಂಪ್ಯೂಟರಿಗೆ ಕೆಲಸ ಹೇಳುವ, ಇಪ್ಪತ್ತು ಸಾಲಿನ, ಮೂವತ್ತು ಸಾಲಿನ ಪುಟ್ಟ ಸ್ಕ್ರಿಪ್ಟುಗಳು. ವಿಳಾಸಗಳ ಪಟ್ಟಿ ಕೊಟ್ಟರೆ ನಕ್ಷೆಯ ಮೇಲೆ ಚುಕ್ಕಿ ಇಡುವುದು ಒಂದು, ನೂರು ಫೋಟೋಗಳನ್ನು ಒಂದೇ ಏಟಿಗೆ ಚಿಕ್ಕದು ಮಾಡುವುದು ಇನ್ನೊಂದು. ಎಲ್ಲಕ್ಕಿಂತ ಹೆಚ್ಚು ಓಡಿದ್ದು ಬೀದಿಗಳಿಗೆ ಬಣ್ಣ ಬಳಿಯುವುದು. ನೀರಿನ ಪರೀಕ್ಷೆಯ ಪಟ್ಟಿ ಕೊಟ್ಟರೆ ಸಾಕು, ಕ್ರಿಮಿ ಸಿಕ್ಕ ಬೀದಿ ಕೆಂಪು, ಸಿಗದ ಬೀದಿ ಹಸಿರು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಅದರ ಬಾಲ ತುಸು ಸೊಟ್ಟ, ಶಾಯಿಯ ಕಾಲದಿಂದ ಬಂದ ಅವನ ಕೈಗುರುತು. ಎಲ್ಲವನ್ನೂ ಇಂಟರ್ನೆಟ್ಟಿನ ಒಂದು ಪುಟಕ್ಕೆ ಹಾಕಿ ಮೇಲೆ ಬರೆದಿದ್ದ: "ಕೇಳೋದೇನೂ ಬೇಡ, ತಗೊಂಡು ಹೋಗಿ." ಜನ ತಗೊಂಡು ಹೋದರು.

ಬಣ್ಣದ ಸ್ಕ್ರಿಪ್ಟಿನಲ್ಲಿ ಒಂದು ಸಾಲಿತ್ತು: ಪಟ್ಟಿಯಲ್ಲಿ ಜಾಗ ಖಾಲಿ ಇದ್ದರೆ ಸೊನ್ನೆ ಎಂದುಕೋ. ಅದಕ್ಕೆ ಕಾರಣ ಅವರ ಕಚೇರಿಯಲ್ಲಿ ನೀರು ಪರೀಕ್ಷೆ ಮಾಡುವ ಮುದುಕ. ಕ್ರಿಮಿ ಸಿಗದಿದ್ದರೆ ಆ ಪುಣ್ಯಾತ್ಮ ಏನನ್ನೂ ಬರೆಯುತ್ತಿರಲಿಲ್ಲ. "ಇಲ್ಲದ್ದನ್ನ ಯಾಕಪ್ಪಾ ಬರೀಬೇಕು?" ಎನ್ನುತ್ತಿದ್ದ. ಅಲ್ಲಿ ಖಾಲಿ ಎಂದರೆ ಚೊಕ್ಕ ನೀರು. ಕಚೇರಿಯ ಜವಾನನಿಗೂ ಅದು ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಪುಟದಲ್ಲಿ ಬರೆಯಬೇಕೆಂದು ನಕ್ಷೆಯಣ್ಣನಿಗೆ ಹೊಳೆಯಲೇ ಇಲ್ಲ.

ಬಸ್ಸಿನಲ್ಲಿ ಆರು ಗಂಟೆ ದೂರದ ಊರಿನಲ್ಲಿ ಅವನ ತಂಗಿ ಇದ್ದಳು. ಬಟ್ಟೆ ಹೊಲಿದು ಸಂಸಾರ ತೂಗಿಸುತ್ತಿದ್ದಳು. ಒಂದು ಮಧ್ಯಾಹ್ನ ಫೋನು ಮಾಡಿದಳು.

"ಅಣ್ಣಾ, ನಮ್ಮೂರ ನೀರಿನ ಆಫೀಸಲ್ಲಿ ಗೋಡೆ ಮೇಲೆ ನಕ್ಷೆ ಹಾಕಿದಾರೆ ಕಣೋ. ನಿನ್ನ ಸೊಟ್ಟ ಬಾಲದ ಬಾಣ ಇದೆ ಅದರಲ್ಲಿ! ನಮ್ಮ ಬೀದಿ ಹಚ್ಚ ಹಸಿರು. ಇನ್ನು ನೀರು ಕಾಯಿಸೋ ಕೆಲಸ ತಪ್ಪಿತು ನೋಡು."

"ಹಸಿರು ಅಂದಮೇಲೆ ಮುಗೀತು. ಧೈರ್ಯವಾಗಿ ಕುಡೀರಿ" ಎಂದ. ಆ ದಿನವೆಲ್ಲ ಅವನನ್ನು ಹಿಡಿಯುವವರಿರಲಿಲ್ಲ.

ಮೂರನೇ ವಾರಕ್ಕೆ ತಂಗಿಯ ಮಗಳಿಗೆ ವಾಂತಿ ಭೇದಿ ಹಿಡಿಯಿತು. ಏಳು ವರ್ಷದ ಹುಡುಗಿ. ಬಿದ್ದ ಹಲ್ಲೆಷ್ಟು, ಬಂದ ಹಲ್ಲೆಷ್ಟು ಎಂದು ಮಾವನಿಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದವಳು. ಆಸ್ಪತ್ರೆ ಸೇರಿದ ನಾಲ್ಕನೇ ದಿನ ಸತ್ತುಹೋದಳು. ಇದನ್ನು ಸುತ್ತಿ ಬಳಸಿ ಹೇಳಿ ಯಾರಿಗೂ ಉಪಕಾರವಿಲ್ಲ.

ಎಲ್ಲ ಮುಗಿದ ಮರುದಿನ ಬೆಳಿಗ್ಗೆ ನಕ್ಷೆಯಣ್ಣ ಆ ಊರಿನ ನೀರಿನ ಕಚೇರಿಗೆ ನುಗ್ಗಿದ. ಯಾರದಾದರೂ ಕೊರಳಪಟ್ಟಿ ಹಿಡಿಯದೆ ಬರಬಾರದೆಂದು ಹೋಗಿದ್ದ. ಗುಮಾಸ್ತ ಕೈಮುಗಿದು ನಿಂತ. "ನಾವೇನ್ ಮಾಡೋಣ ಸಾರ್, ನಕ್ಷೆ ಹಸಿರು ಅಂತು."

"ಪಟ್ಟಿ ತೆಗೀರಿ."

ಪರದೆಯ ಮೇಲೆ ಬೀದಿಗಳ ಹೆಸರು, ತಾರೀಖು, ಸಂಖ್ಯೆ. ಒಂಬತ್ತನೇ ಬೀದಿಯಿಂದ ಕೆಳಗೆ ಸಂಖ್ಯೆಯ ಜಾಗವೆಲ್ಲ ಖಾಲಿ. ತಂಗಿಯದು ಹನ್ನೊಂದನೇ ಬೀದಿ.

"ಇದೇನಿದು, ಖಾಲಿ?"

"ಕ್ರಿಮಿ ಬೆಳೆಸಿ ನೋಡೋ ಪೆಟ್ಟಿಗೆ ಕೆಟ್ಟುಹೋಗಿತ್ತು ಸಾರ್. ಅವಕ್ಕೆ ಪರೀಕ್ಷೆನೇ ಆಗಲಿಲ್ಲ. ಹಾಗಂತ ಸುಳ್ಳು ಬರೆಯೋಕಾಗುತ್ತಾ? ಅದಕ್ಕೇ ಖಾಲಿ ಬಿಟ್ವಿ."

ಗುಮಾಸ್ತ ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಗೋಡೆಯ ಮೇಲೆ ಸೊಟ್ಟ ಬಾಲದ ಬಾಣ ನೆಟ್ಟಗೆ ಉತ್ತರ ತೋರಿಸುತ್ತಿತ್ತು. ಪೆಟ್ಟಿಗೆ ಕೆಟ್ಟಿತ್ತಂತೆ ಎಂದಷ್ಟೇ ತಂಗಿಗೆ ಹೇಳಿ ಬಸ್ಸು ಹತ್ತಬಹುದಿತ್ತು. ಆ ಯೋಚನೆ ಬಂತು ಕೂಡ. ಬಂದದ್ದಕ್ಕೆ ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು.

ತಂಗಿ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು. ಸೂಜಿಯ ಕೆಳಗೆ ಒಂದು ತೋಳು ಮಾತ್ರ ಹೊಲಿದ ಪುಟ್ಟ ಅಂಗಿ. ಅವನು ನೆಲದ ಮೇಲೆ ಕೂತು ಆ ಒಂದು ಸಾಲಿನ ವಿಷಯ ಹೇಳಿದ, ಏನನ್ನೂ ಬಿಡದೆ. ಅವಳು ಕೂಗಾಡಲಿಲ್ಲ.

"ನೀನು ಮಾಡಿದ್ದು ಅಂತ ಕಾಯಿಸೋದು ಬಿಟ್ಟೆ ಅಣ್ಣಾ" ಎಂದಳು. "ಬೇರೆ ಯಾರು ಮಾಡಿದ್ರೂ ಬಿಡ್ತಿರಲಿಲ್ಲ."

ಆಮೇಲೆ ಅವಳೇ ಕೇಳಿದಳು. "ಆ ಸಾಲು ತೆಗೆದೆಯಾ?"

"ಆಫೀಸಿಂದ ಬರ್ತಾ ದಾರೀಲೇ, ಫೋನಲ್ಲೇ ತೆಗೆದೆ. ಖಾಲಿ ಇದ್ದರೆ ಇನ್ಮೇಲೆ ಬಣ್ಣನೇ ಬರಲ್ಲ. ಆದ್ರೆ ಆಗಲೇ ತಗೊಂಡು ಹೋದವರ ಹತ್ರ ಹಳೇದೇ ಇರುತ್ತೆ."

"ಎಷ್ಟು ಊರು?"

"ಮುನ್ನೂರ ನಲವತ್ತು ಸಲ ತಗೊಂಡಿದಾರೆ. ಯಾರು ಅಂತ ಗೊತ್ತಿಲ್ಲ. ಕೇಳೋದು ಬೇಡ ಅಂತ ನಾನೇ ಬರೆದಿದ್ದೆನಲ್ಲ. ಥ್ಯಾಂಕ್ಸ್ ಅಂತ ಹೇಳಿ ಊರು ತಿಳಿಸಿದವರು ಹದಿನಾರು ಜನ, ಅಷ್ಟೇ."

"ಆ ಹದಿನಾರು ಕೊಡು."

ಅವನು ಆ ಊರುಗಳ ನೀರಿನ ಕಚೇರಿಗಳ ನಂಬರು ಹುಡುಕಿ ಬರೆದುಕೊಟ್ಟ. ಮೊದಲ ನಂಬರನ್ನು ಅವಳೇ ಒತ್ತಿದಳು. ಯಾವುದೋ ಊರಿನ ನೀರಿನ ಕಚೇರಿಯಲ್ಲಿ ಫೋನು ಎತ್ತಿದರು. ನಿಮ್ಮ ಗೋಡೆಯ ನಕ್ಷೆಯ ವಿಚಾರ ಮಾತಾಡಬೇಕು ಎಂದಳು.

"ನಮ್ಮಲ್ಲೇನೂ ಚಿಂತೆಯಿಲ್ಲಮ್ಮಾ" ಎಂದಿತು ಆ ಕಡೆಯ ದನಿ, ಖುಷಿಯಾಗಿ. "ಈ ಸಲ ನಮ್ಮೂರು ಪೂರ್ತಿ ಹಸಿರು."

ತಂಗಿ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಪಟ್ಟಿ ತೆಗೆದು ಖಾಲಿ ಎಷ್ಟಿದೆ ಎಣಿಸಿ ಸಾರ್" ಎಂದಳು. "ನಾನು ಫೋನ್ ಇಡಲ್ಲ."