ಕುಸುಮಕ್ಕ ಚಹಾ ಇಡುವ ಹೊತ್ತು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಶಕುನ, ಕನಸಿನಲ್ಲಿ ಯಾರೋ ಬಂದು ಹೇಳಿದ್ದು, ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಗದಗಿನ ಕಡೆಯ ನಮ್ಮ ತವರಿನಲ್ಲಿ ಹಲ್ಲಿ ಲೊಚಗುಟ್ಟಿದರೆ ಅವ್ವ ಕೃಷ್ಣಾರ್ಪಣ ಎಂದು ನೆಲ ಮುಟ್ಟುತ್ತಿದ್ದಳು, ನಾನು ನಗುತ್ತಿದ್ದೆ. ಯಾರಾದರೂ "ನನಗ ಮೊದಲ ಗೊತ್ತಾಗಿತ್ತು ನೋಡವಾ" ಎಂದು ಶುರು ಮಾಡಿದರೆ, ಹಾಗಾದರೆ ಮೊದಲೇ ಯಾಕೆ ಬಾಯಿಬಿಡಲಿಲ್ಲ ಎಂದು ಕೇಳಿ ಸುಮ್ಮನಾಗಿಸುತ್ತಿದ್ದೆ. ಈಗ ನೀವು ನನ್ನನ್ನು ಅದೇ ಮಾತು ಕೇಳಬಹುದು. ಕೇಳಿ. 

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ನಾನು ಮತ್ಸರದ ಹೆಂಗಸು. ಬೇರೆಯವರ ಸೀರೆ, ಬೇರೆಯವರ ಬಂಗಾರ ನೋಡಿ ನನಗೆ ಏನೂ ಆಗುವುದಿಲ್ಲ. ಆದರೆ ನನ್ನವರು ಎನ್ನುವವರ ವಿಷಯದಲ್ಲಿ ನನಗಿಂತ ಇನ್ನೊಬ್ಬರು ಒಂದು ಹೆಜ್ಜೆ ಮುಂದೆ ಇದ್ದರೆ ನಾನು ತಡೆದುಕೊಳ್ಳಲಾರೆ. ಇದನ್ನು ಹೇಳದೆ ಹೋದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ನಮ್ಮ ಮನೆಯವರು ಫೈರ್ ಬ್ರಿಗೇಡಿನಲ್ಲಿ ಗಾಡಿಯ ಡ್ರೈವರ್. ಕಾಂದಿವಲಿ ಕಡೆಯ ಒಂದು ಫೈರ್ ಸ್ಟೇಷನ್. ಕೆಳಗೆ ಕೆಂಪು ಗಾಡಿಗಳು ನಿಲ್ಲುವ ಜಾಗ, ಅದರ ಮೇಲೆ ಸಿಬ್ಬಂದಿಯ ಸಂಸಾರಗಳಿಗೆ ಮೂರು ಮಾಳಿಗೆ ಕ್ವಾರ್ಟರ್ಸ್. ನಾವು ಎರಡನೆಯ ಮಾಳಿಗೆಯಲ್ಲಿ. ಪಕ್ಕದ ಮನೆ ಕುಸುಮಕ್ಕನದು. ಉಡುಪಿ ಕಡೆಯವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಅವಳ ಗಂಡ ಸುಧಾಕರಣ್ಣ ನಮ್ಮವರ ಗಾಡಿಯಲ್ಲೇ ಫೈರ್‌ಮನ್. ಆ ಗಾಡಿಯಲ್ಲಿ ಒಟ್ಟು ಆರು ಜನ. ಬೆಂಕಿಯ ಜಾಗಕ್ಕೆ ಹೋದ ಮೇಲೆ ನಮ್ಮವರು ಹೊರಗೆ ಪಂಪಿನ ಹತ್ತಿರ ನಿಲ್ಲುತ್ತಾರೆ, ಸುಧಾಕರಣ್ಣ ಪೈಪು ಹಿಡಿದು ಒಳಗೆ ನುಗ್ಗುತ್ತಿದ್ದರು.

ಕ್ವಾರ್ಟರ್ಸಿನಲ್ಲಿ ನಮಗೆ ಒಂದು ನೇಮವಿದೆ. ಕೆಳಗೆ ಬೆಲ್ ಹೊಡೆಯಿತೆಂದರೆ ಗಂಡಸರು ಬೂಟಿಗೆ ಕಾಲು ತೂರಿಸುವಷ್ಟರಲ್ಲಿ ಹೆಂಗಸರು ಗ್ಯಾಸ್ ಬಂದ್ ಮಾಡಬೇಕು. ಹಿಂದೆ ಯಾರೋ ಒಬ್ಬಾಕೆ ಬೆಲ್ ಕೇಳಿ ಬಾಲ್ಕನಿಗೆ ಓಡಿ, ಒಲೆಯ ಮೇಲಿನ ಎಣ್ಣೆಗೆ ಬೆಂಕಿ ಹತ್ತಿ, ಫೈರ್ ಸ್ಟೇಷನ್ನಿಗೇ ಬೆಂಕಿ ಬಿತ್ತು ಎಂದು ಊರೆಲ್ಲ ನಕ್ಕಿತಂತೆ. ಆ ನಾಚಿಕೆಯಿಂದ ಶುರುವಾದದ್ದು ಬರಬರುತ್ತಾ ಮಡಿಯ ಹಾಗೆ ಆಯಿತು. ಗಾಡಿ ಹಿಂದಿರುಗುವ ತನಕ ಆ ಗಾಡಿಯವರ ಯಾರ ಮನೆಯಲ್ಲೂ ಒಲೆ ಹತ್ತಿಸುವುದಿಲ್ಲ. ಮಕ್ಕಳು ಹಸಿವೆ ಎಂದು ಅತ್ತರೆ ಬಿಸ್ಕತ್ತು ಕೊಡುತ್ತೇವೆ, ಬಾಳೆಹಣ್ಣು ಕೊಡುತ್ತೇವೆ.

ಊರಿಗೆಲ್ಲ ಒಂದು ದಾರಿಯಾದರೆ ಕುಸುಮಕ್ಕನಿಗೆ ಇನ್ನೊಂದು. ಬೆಲ್ ಆದ ಕೂಡಲೇ ಅವಳೂ ಒಲೆ ಆರಿಸುತ್ತಿದ್ದಳು. ತಟ್ಟೆಯಲ್ಲಿ ಆರು ಸ್ಟೀಲ್ ಲೋಟ ಬೋರಲು ಹಾಕಿಟ್ಟು, ಕಾರಿಡಾರಿನಲ್ಲಿ ನಮ್ಮ ಜೊತೆ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದಳು. ಆಮೇಲೆ ಯಾವುದೋ ಹೊತ್ತಿಗೆ, ಮಾತು ಅರ್ಧಕ್ಕೇ ಬಿಟ್ಟು, ಎದ್ದು ಒಳಗೆ ಹೋಗಿ ಚಹಾ ಇಡುತ್ತಿದ್ದಳು. ಹತ್ತು ನಿಮಿಷ ಹೆಚ್ಚೆಂದರೆ. ಗೇಟಿನಲ್ಲಿ ಗಾಡಿಯ ಹಾರ್ನ್. ಹೋಗುವಾಗ ಸೈರನ್ ಇರುತ್ತದೆ, ಬರುವಾಗ ಗಾಡಿ ಸುಮ್ಮನೆ ಬರುತ್ತದೆ, ಗೇಟು ತೆಗೆಯಲಿಕ್ಕೆ ಒಂದು ಹಾರ್ನ್ ಅಷ್ಟೇ. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಿ ಅರ್ಧ ತಾಸಿಗೆ ಬಂದರೂ ಸರಿ, ಗೋಡೌನಿನ ಬೆಂಕಿಗೆ ಹೋಗಿ ಏಳು ತಾಸಿಗೆ ಬಂದರೂ ಸರಿ, ಅವಳ ಚಹಾ ತಪ್ಪಿದ್ದಿಲ್ಲ. ಗಂಡಸರು ಗಾಡಿಗೆ ಮತ್ತೆ ನೀರು ತುಂಬಿಸಿ, ಪೈಪು ಸುತ್ತಿಟ್ಟು ತಲೆಯೆತ್ತುವಾಗ ಎರಡನೆಯ ಮಾಳಿಗೆಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು, ಅದರಲ್ಲಿ ಚಹಾದ ಕಿಟಲಿ ಮತ್ತು ಆರು ಲೋಟ. ಕ್ವಾರ್ಟರ್ಸಿನ ಹೆಂಗಸರೆಲ್ಲ ಅವಳ ಅಡುಗೆಮನೆಯ ಕಡೆ ಕಿವಿಯಿಟ್ಟು ಕೂರುತ್ತಿದ್ದರು. ಲೈಟರಿನ ಟಕ್ ಸದ್ದು ಕೇಳಿದರೆ ಎಲ್ಲರ ಮುಖ ಅರಳುತ್ತಿತ್ತು.

ನನ್ನ ಮುಖ ಮಾತ್ರ ಗಂಟಾಗುತ್ತಿತ್ತು. ನನ್ನ ಗಂಡ ಯಾವಾಗ ಬರುತ್ತಾನೆಂದು ನನಗಿಂತ ಮೊದಲು ಇನ್ನೊಬ್ಬಳಿಗೆ ಗೊತ್ತಾಗುವುದೆಂದರೆ ಏನು? ಅಷ್ಟು ಸಾಲದೆಂಬಂತೆ ಈ ಮನುಷ್ಯ ಮೇಲೆ ಬಂದು "ಕುಸುಮಕ್ಕನ ಚಾ ಅಂದ್ರ ಚಾ ನೋಡ. ಹೊಗಿ ಕುಡದ ಗಂಟಲಾ ತೊಳದಂಗ ಆಕ್ಕೈತಿ" ಎನ್ನುತ್ತಿದ್ದರು. ನಾನು ಇಟ್ಟ ಚಹಾ ತಣ್ಣಗಾಗಿ ಕೆನೆಗಟ್ಟುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ ಬಿಡಿ.

ಇದರಲ್ಲಿ ಏನೋ ಕಳ್ಳಾಟ ಇದೆ ಎಂದು ನನಗೆ ಖಾತ್ರಿ ಇತ್ತು. ಗಂಡಸರಲ್ಲಿ ಯಾರೋ ಒಬ್ಬರು ಫೋನ್ ಮಾಡಿ ತಿಳಿಸುತ್ತಾರೆ. ಯಾರು? ನಮ್ಮವರೇ ಇರಬೇಕು, ಗಾಡಿಯ ಹತ್ತಿರ ಇರುವವರು ಅವರೊಬ್ಬರೇ. ಹೇಳಲು ನಾಚಿಕೆಯಾಗುತ್ತದೆ, ಅವರು ಸ್ನಾನಕ್ಕೆ ಹೋದಾಗ ಮೊಬೈಲ್ ತೆಗೆದು ಒಂದೊಂದೇ ನಂಬರು ನೋಡಿದೆ. ಏನೂ ಸಿಗಲಿಲ್ಲ. ಕೆಳಗೆ ಕರೆ ತೆಗೆದುಕೊಳ್ಳುವ ವಾಚ್ ರೂಮಿನ ವೈರ್‌ಲೆಸ್ ಅವಳ ಕಿಟಕಿಗೆ ಕೇಳಿಸುತ್ತದೆಯೇ ಎಂದು ನೋಡಲು ಏನೋ ನೆಪ ಮಾಡಿ ಅವಳ ಅಡುಗೆಮನೆಯಲ್ಲಿ ಒಂದು ತಾಸು ಕೂತೆ. ಆ ಕಿಟಕಿಯಿಂದ ಹಿಂದಿನ ಕೊಳಚೆ ನಾಲೆಯ ವಾಸನೆ ಬಿಟ್ಟರೆ ಬೇರೇನೂ ಬರುವುದಿಲ್ಲ. ಕೊನೆಗೆ ನೇರವಾಗಿ ಕೇಳಿದೆ.

"ಎಂತದೂ ಇಲ್ಲ ಮಾರಾಯ್ತಿ," ಎಂದಳು. "ಕೈ ತನ್ನಷ್ಟಕ್ಕೇ ಲೈಟರ್ ಹತ್ರ ಹೋಗ್ತದೆ. ಯಾಕೆ ಅಂತ ನಂಗೇ ಗೊತ್ತಿಲ್ಲ."

ಅಬ್ಬಾ, ಏನು ಬಡಿವಾರ ಎಂದುಕೊಂಡೆ.

ಆ ದಿನ ಬೇಸಿಗೆಯ ಮಧ್ಯಾಹ್ನ. ಊಟ ಮುಗಿಸಿ ತಟ್ಟೆ ಎತ್ತುವಾಗ ಬೆಲ್ ಆಯಿತು. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪ್ಲಾಸ್ಟಿಕ್ ಚೀಲಗಳ ಗೋಡೌನಿಗೆ ಬೆಂಕಿ ಎಂದು ಕೆಳಗಿನಿಂದ ಸುದ್ದಿ ಬಂತು. ಟೆರೇಸಿನಿಂದ ನೋಡಿದರೆ ಕಟ್ಟಡಗಳ ಹಿಂದೆ ಕರಿ ಹೊಗೆ ಕಾಣುತ್ತಿತ್ತು. ನಾವು ಹೆಂಗಸರು ಕಾರಿಡಾರಿನಲ್ಲಿ ಕೂತೆವು. ಕುಸುಮಕ್ಕ ಅವತ್ತು ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಮೂರು ಗಂಟೆ ಆಯಿತು, ಮೂರೂವರೆ ದಾಟಿತು, ಅವಳು ಏಳಲಿಲ್ಲ. ಬಿಡಿಸಿದ ಎಲೆಯನ್ನೂ ಕಡ್ಡಿಯನ್ನೂ ಒಂದೇ ಕಡೆ ಹಾಕುತ್ತಿದ್ದಳು.

ನನಗೆ ಏನು ಹೊಕ್ಕಿತೋ. ಇವತ್ತು ಇವಳಿಗಿಂತ ಮೊದಲು ನಾನೇ ಇಡುತ್ತೇನೆ, ನನ್ನ ಗಂಡ ಬಂದು ನನ್ನ ಚಹಾ ಕುಡಿಯಲಿ ಎಂದು ಎದ್ದೆ. ಲೈಟರ್ ಒತ್ತಿದೆ. ಹೊರಗೆ ಹೆಂಗಸರ ಗುಸುಗುಸು ನಿಂತದ್ದು ಕೇಳಿಸಿತು. ಎಲ್ಲರಿಗೂ ಅದು ಯಾರ ಮನೆಯ ಲೈಟರ್ ಎಂದು ತಿಳಿದಿತ್ತು. ನೀರು ಇಟ್ಟು, ಕಪಾಟಿನಿಂದ ಲೋಟಗಳನ್ನು ತೆಗೆದೆ. ಐದೇ ತೆಗೆದೆ. ಮರೆತು ಅಲ್ಲ. ಬೇಕೆಂದೇ. ಅವಳ ಗಂಡನಿಗೆ ಅವಳೇ ಕೊಟ್ಟುಕೊಳ್ಳಲಿ, ನನಗೇನು ಎಂದು ಆರನೆಯದನ್ನು ಕಪಾಟಿನಲ್ಲೇ ಹಿಂದಕ್ಕೆ ತಳ್ಳಿದೆ.

ತಿರುಗಿ ನೋಡಿದರೆ ಕುಸುಮಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ನೇಮ ಮುರಿದದ್ದಕ್ಕೆ ಬೈಯಲು ಬಂದಳು ಎಂದುಕೊಂಡು, "ಯಾಕ್ರೀ ಅಕ್ಕಾರ, ನೀವೊಬ್ಬರ ಇಡಬೇಕೇನು ಚಾ?" ಎಂದು ನಾನೇ ಮೊದಲು ಹರಿಹಾಯ್ದೆ.

ಅವಳ ಕಿವಿಗೆ ಅದು ಬೀಳಲೇ ಇಲ್ಲ. "ಎಷ್ಟು ಲೋಟ ಇಟ್ಟಿದ್ದಿ?" ಎಂದಳು.

ಅವಳೇ ಒಳಗೆ ಬಂದು ಬೆರಳಿಟ್ಟು ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಇನ್ನೊಮ್ಮೆ ಎಣಿಸಿದಳು. ಆಮೇಲೆ ತಿರುಗಿ ತನ್ನ ಮನೆಗೆ ಹೋದಳು. ಗಂಡನ ಲೋಟ ಬಿಟ್ಟದ್ದಕ್ಕೆ ಅವಳಿಗೆ ನೋವಾಯಿತು ಎಂದು ನಾನು ತಿಳಿದೆ. ದೇವರು ನನ್ನನ್ನು ಕ್ಷಮಿಸಲಿ, ನನಗೆ ಒಳಗೊಳಗೇ ಖುಷಿಯಾಯಿತು.

ಚಹಾ ಕುದಿದು ಕಪ್ಪಾಯಿತು. ಗಾಡಿ ಬಂದದ್ದು ಆರು ಗಂಟೆಗೆ. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಇಳಿದವರು ಐದು ಜನ. ಮೆಟ್ಟಿಲಿಳಿದು ಓಡಿದೆ. ನಮ್ಮವರ ಮುಖದ ತುಂಬ ಮಸಿ.

"ಸುಧಾಕರಣ್ಣ?"

"ಆಸ್ಪತ್ರ್ಯಾಗ ಅದಾನ. ಒಳಗಿನ ಅಟ್ಟ ಕುಸದ ಕಾಲ ಮ್ಯಾಲೆ ಬಿತ್ತು. ಆಂಬುಲೆನ್ಸ್‌ನ್ಯಾಗ ಹಾಕುವಾಗ ಉಸಿರಿತ್ತು," ಎಂದರು. ಆಮೇಲೆ ಮೇಲಕ್ಕೆ ನೋಡಿ, "ಆಕಿಗೆ ಯಾರ ಹೇಳ್ತೀರಿ?" ಎಂದರು.

ಯಾರೂ ಹೇಳಬೇಕಾಗಲಿಲ್ಲ. ಕುಸುಮಕ್ಕ ಸೀರೆ ಬದಲಿಸಿ, ಕೈಯಲ್ಲಿ ಚೀಲ ಹಿಡಿದು, ಮನೆಗೆ ಬೀಗ ಹಾಕುತ್ತಿದ್ದಳು.

ಸುಧಾಕರಣ್ಣ ಬದುಕಿದರು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರು, ಒಂದು ಕಾಲು ಮೊದಲಿನಂತಾಗಲಿಲ್ಲ. ಅಟ್ಟ ಬಿದ್ದದ್ದು ಎಷ್ಟು ಗಂಟೆಗೆ ಎಂದು ನಮ್ಮವರನ್ನು ಪದೇ ಪದೇ ಕೇಳಿದೆ. ನಾಲ್ಕರ ಸುಮಾರು ಎಂದರು. ನಾನು ಆ ಲೋಟವನ್ನು ಹಿಂದೆ ತಳ್ಳಿದಾಗ ಕೆಳಗೆ ಮಗಳ ಸ್ಕೂಲ್ ಬಸ್ಸಿನ ಸದ್ದು ಕೇಳಿತ್ತು. ಆ ಬಸ್ಸು ಒಂದು ದಿನ ನಾಲ್ಕಕ್ಕೆ ಐದು ನಿಮಿಷ ಮುಂಚೆ ಬರುತ್ತದೆ, ಒಂದು ದಿನ ನಾಲ್ಕೂ ಹತ್ತಕ್ಕೆ. ಅಟ್ಟ ಮೊದಲೋ ನನ್ನ ಲೋಟ ಮೊದಲೋ ಎಂದು ಇವತ್ತಿಗೂ ತಿಳಿದಿಲ್ಲ. "ಲೋಟಕ್ಕೂ ಅಟ್ಟಕ್ಕೂ ಏನ ಸಂಬಂಧ? ನಿನಗೇನ ಹುಚ್ಚ ಹಿಡದೈತೇನ?" ಎಂದು ಅವರು ರೇಗಿದರು. ನಾನಾದರೂ ಬೇರೆಯವರಿಗೆ ಅದನ್ನೇ ಹೇಳುತ್ತಿದ್ದೆ.

ಕುಸುಮಕ್ಕನ ಕಾಲಿಗೆ ಬಿದ್ದು ಎಲ್ಲ ಹೇಳಿಬಿಡಬೇಕೆಂದು ಒಂದು ಬೆಳಿಗ್ಗೆ ಅವಳ ಮನೆಗೆ ಹೋದೆ. ಬಾಯಿ ತೆಗೆಯುವ ಮೊದಲೇ ಅವಳು ನನ್ನ ಕೈ ಹಿಡಿದು ಕೂರಿಸಿದಳು. "ಅವತ್ತು ಬೆಲ್ ಆದ ಮೇಲೆ ತಟ್ಟೆಯಲ್ಲಿ ಲೋಟ ಇಟ್ಟೆ. ಐದು ಬಂತು. ಆರನೆಯದಕ್ಕೆ ಕೈ ಹೋಗ್ಲೇ ಇಲ್ಲ ನೋಡು. ನನ್ನ ಭ್ರಮೆ ಅಂತ ಹೊರಗೆ ಬಂದು ಕೂತೆ. ಆಮೇಲೆ ನಿನ್ನ ಲೈಟರ್ ಕೇಳಿತು. ನಿನ್ನ ಹತ್ರ ಆರು ಇದ್ರೆ ಸಾಕು ದೇವರೇ ಅಂತ ಓಡಿ ಬಂದೆ." ಹಿಡಿದ ಕೈ ಬಿಡದೆಯೇ ಕೇಳಿದಳು, "ನಿಂಗೂ ಗೊತ್ತಾಗಿತ್ತಲ್ವಾ?"

ನಾನು ಹೂಂ ಎಂದೆ.

ಯಾಕೆ ಹಾಗಂದೆ? ನಿಜ ಹೇಳಲು ಧೈರ್ಯವಿರಲಿಲ್ಲ ಎಂದರೆ ಅರ್ಧ ಮಾತಾಯಿತು. ಇಷ್ಟು ದಿನ ಅವಳೊಬ್ಬಳದೇ ಆಗಿದ್ದ ಒಂದನ್ನು ಅವಳೇ ಕರೆದು ನಿನಗೂ ಇದೆ ಎನ್ನುವಾಗ, ಬೇಡ ಎನ್ನಲು ಮನಸ್ಸು ಬರಲಿಲ್ಲ. ಅಂಥ ಹೊತ್ತಿನಲ್ಲೂ ಬುದ್ಧಿ ಹಾಗಿತ್ತು ನನ್ನದು.

ಸುಧಾಕರಣ್ಣ ನೌಕರಿ ಬಿಟ್ಟರು, ಗಾಡಿಯಲ್ಲಿ ಅವರ ಜಾಗಕ್ಕೆ ಬೇರೊಬ್ಬರು ಬಂದರು. ಮಾಟುಂಗದಲ್ಲಿ ಅವಳ ತಮ್ಮನ ಹೋಟೆಲಿದೆ, ಅಲ್ಲಿ ಕೂತು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆಂಟಾಪ್ ಹಿಲ್‌ನಲ್ಲಿ ಮನೆ ಹಿಡಿದರು. ಹೊರಡುವ ದಿನ ಕುಸುಮಕ್ಕ ಕಿಟಲಿ, ಬುಟ್ಟಿ, ಹಗ್ಗ ತಂದು ನನ್ನ ಕೈಗಿಟ್ಟಳು. "ಇನ್ನು ನೀನೇ ನೋಡ್ಕೊ," ಎಂದಳು.

ಮುಂದಿನದನ್ನು ನೀವು ನಂಬಬೇಕಾಗಿಲ್ಲ. ಅವಳು ಹೋದ ವಾರವೇ ಬೆಲ್ ಆಯಿತು. ಹೆಂಗಸರೆಲ್ಲ ನನ್ನ ಬಾಗಿಲ ಕಡೆ ನೋಡತೊಡಗಿದರು. ನಾನು ಬಚ್ಚಲಲ್ಲಿ ಬಟ್ಟೆ ತಿಕ್ಕುತ್ತಾ ಕೂತೆ, ಇವರಿಗೆ ಏನು ಹೇಳಿ ಜಾರಿಕೊಳ್ಳಲಿ ಎಂದು ಯೋಚಿಸುತ್ತಿದ್ದೆ. ಆಮೇಲೆ ನೋಡಿದರೆ ಒಲೆಯ ಮುಂದೆ ನಿಂತಿದ್ದೇನೆ. ಕೈಯಲ್ಲಿ ಸೋಪಿನ ನೊರೆ, ಅದೇ ಕೈಯಲ್ಲಿ ಲೈಟರ್. ಎದ್ದು ಬಂದದ್ದು ನೆನಪೇ ಇಲ್ಲ. ಚಹಾ ಉಕ್ಕುವಷ್ಟರಲ್ಲಿ ಗೇಟಿನಲ್ಲಿ ಹಾರ್ನ್ ಆಯಿತು.

ಆ ದಿನದಿಂದ ತಪ್ಪಿಲ್ಲ. ಕಾಕತಾಳೀಯ ಎಂದುಕೊಂಡೆ, ರೂಢಿಯಿಂದ ಅಂದಾಜು ಬಂದಿದೆ ಎಂದುಕೊಂಡೆ. ಮೇಲಿನ ಮಾಳಿಗೆಗೆ ಹೊಸದಾಗಿ ಬಂದ ಹುಡುಗಿ ಮೊನ್ನೆ "ಭಾಭಿ, ಆಪ್‌ಕೊ ಫೋನ್ ಕೌನ್ ಕರ್ತಾ ಹೈ?" ಎಂದು ಕೇಳಿದಳು. ನಿಮಗೆ ಫೋನ್ ಮಾಡುವವರು ಯಾರು ಎನ್ನುವ ಆ ಧಾಟಿ ನನಗೆ ಚೆನ್ನಾಗಿ ಗೊತ್ತು. ತಗೋ ತಾಯಿ, ಕಿಟಲಿ ಸಮೇತ ನೀನೇ ತಗೋ ಎನ್ನಬೇಕೆನಿಸಿತು. ಯಾಕೆಂದರೆ ಕಷ್ಟ ಇರುವುದು ಲೈಟರಿನಲ್ಲಿ ಅಲ್ಲ. ಬೆಲ್ ಆದ ಮೇಲೆ ಲೋಟ ಇಡಬೇಕಲ್ಲ, ಐದು ಇಟ್ಟು ಆರನೆಯದಕ್ಕೆ ಕೈ ಚಾಚುವಾಗ, ಇವತ್ತು ಅದು ಹೋಗುತ್ತದೋ ಇಲ್ಲವೋ ಎಂದು ಪ್ರತಿ ಸಲ ಭಯ.

ಹೋದ ತಿಂಗಳು ಆಂಟಾಪ್ ಹಿಲ್‌ಗೆ ಹೋಗಿದ್ದೆ. ಈ ಸಲವಾದರೂ ನಿಜ ಹೇಳಿಬಿಡಬೇಕೆಂದೇ ಹೋದದ್ದು. ಕುಸುಮಕ್ಕ ಮೈ ತುಂಬಿಕೊಂಡಿದ್ದಾಳೆ. ಮಾತಿನ ನಡುವೆ ಒಳಗಿನಿಂದ ಸುಧಾಕರಣ್ಣ, "ಚಾ ಉಂಟಾ?" ಎಂದು ಕೂಗಿದರು.

ಅವಳು ನಕ್ಕಳು. "ಈಗ ಕೇಳಿದ ಮೇಲೆಯೇ ಇಡುದು ಮಾರಾಯ್ತಿ. ಹೋಟೆಲಿಂದ ಅವರು ಬಂದು ಬಾಗಿಲು ಬಡಿದ್ರೂ ಯಾರಪ್ಪಾ ಅಂತ ಕೇಳ್ತೇನೆ. ಒಂದೂ ಗೊತ್ತಾಗುದಿಲ್ಲ ನಂಗೆ. ಎಂಥ ನಿದ್ರೆ ಬರ್ತದೆ ಗೊತ್ತುಂಟಾ!"

ಮಾತಾಡುತ್ತಲೇ ಎದ್ದು, ನನ್ನ ಕಡೆ ಮುಖ ಮಾಡಿಕೊಂಡೇ, ಹಿಂದಿನ ಕಪಾಟಿಗೆ ಕೈ ಹಾಕಿ ಲೋಟಗಳನ್ನು ತೆಗೆದಳು. ತಿರುಗಿ ನೋಡಲಿಲ್ಲ, ಎಣಿಸಲಿಲ್ಲ. ಹೇಳಬೇಕೆಂದು ಬಂದದ್ದು ಬಾಯಲ್ಲೇ ಉಳಿಯಿತು. ಜೀವನದಲ್ಲಿ ಅವಳ ಮೇಲೆ ಅಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಆಗಿರಲಿಲ್ಲ.