ಎಡಹಿಡಿಯ ಬುಡದ ಹೊಲಿಗೆ

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಮಾಂಸಕ್ಕೆ ಅಂಟುವಷ್ಟು ಗಿಡ್ಡವಾಗಿರುತ್ತಿತ್ತು. ಉಳಿದ ಉಗುರುಗಳಿಗೆಲ್ಲ ಬಣ್ಣ, ಅದೊಂದಕ್ಕೆ ಇಲ್ಲ. ಆ ಬೆರಳು ಅವಳಿಗೆ ಅಲಂಕಾರಕ್ಕಲ್ಲ, ಕೆಲಸಕ್ಕೆ ಬೇಕಾಗಿತ್ತು. ಎದುರಿಗೆ ಕೂತವರ ವ್ಯಾನಿಟಿ ಬ್ಯಾಗು ಕಂಡರೆ ಸಾಕು, ಮಾತು ಮಾತಿನಲ್ಲೇ ಅದು ಅವಳ ತೊಡೆಯ ಮೇಲೆ ಬಂದಿರುತ್ತಿತ್ತು, ಹೆಬ್ಬೆರಳು ಅದರ ಅಂಚಿನುದ್ದಕ್ಕೂ ಓಡುತ್ತಿತ್ತು.

ಅವಳು ನನ್ನ ಅಮ್ಮನ ಅಕ್ಕ. ಬೆಳಗೋಡಿನಾಚೆಯ ದೊಡ್ಡ ಎಸ್ಟೇಟಿಗೆ ಸೊಸೆಯಾಗಿ ಹೋದವಳು. ನಾವು ಕೆ. ಹೊಸಕೋಟೆ ಕಡೆಯ ಸಣ್ಣ ತೋಟದವರು. ದೊಡ್ಡಮ್ಮ ಕೂತಲ್ಲಿ ಕೂರುವ ಹೆಂಗಸಲ್ಲ. ಊಟದ ನಡುವೆ ಎದ್ದು ಕಣಕ್ಕೆ ಹೋಗಿ, ಒಣಗಲು ಹರಡಿದ ಕಾಫಿಬೀಜವೊಂದನ್ನು ಹಲ್ಲಿನಡಿ ಕಚ್ಚಿ, ಇನ್ನೂ ಒಂದು ಬಿಸಿಲು ಬೇಕೆಂದು ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿ, ವಾಪಸು ಬಂದು ಅನ್ನಕ್ಕೆ ಕೈ ಹಾಕುತ್ತಿದ್ದಳು. ಚರ್ಮವನ್ನೂ ಅವಳು ಹೀಗೇ ಕೈಯಾರೆ ಪರೀಕ್ಷಿಸಿ ನೋಡುವವಳು. ಅಂಚು ಸವರಬೇಕು, ಮೂಗಿಗೆ ಹಿಡಿಯಬೇಕು, ಬೆರಳಿನಿಂದ ಒತ್ತಬೇಕು. ಒತ್ತಿದಲ್ಲಿ ಸಣ್ಣ ಸುಕ್ಕುಗಳೆದ್ದು, ಬೆರಳು ತೆಗೆದೊಡನೆ ಮಾಯವಾದರೆ ಒಳ್ಳೆಯ ತೊಗಲು. ಸುಕ್ಕೇ ಏಳದೆ ಬರೀ ಗುಳಿ ಬಿದ್ದರೆ ಪ್ಲಾಸ್ಟಿಕ್ಕು. ಕೊನೆಗೆ ಬ್ಯಾಗಿನ ಹೊಟ್ಟೆಯನ್ನೇ ಹೊರಗೆಳೆದು ಒಳಗಿನ ಹೊಲಿಗೆ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ.

ದುಬಾರಿ ಬ್ಯಾಗುಗಳ ಹುಚ್ಚು ಅವಳಿಗೂ ಇತ್ತು. ಬೀರುವಿನ ತುಂಬ ಬಟ್ಟೆಯ ಗವಸು ತೊಟ್ಟ ಬ್ಯಾಗುಗಳು. ಮಳೆಗಾಲ ಕಳೆದ ಮೇಲೆ ಅವನ್ನೆಲ್ಲ ಜಗಲಿಯಲ್ಲಿ ಸಾಲಾಗಿಟ್ಟು ಒರೆಸುವುದೇ ಒಂದು ಹಬ್ಬ. ನಮ್ಮ ಕಡೆಯ ತೇವಕ್ಕೆ ಅಸಲಿ ಚರ್ಮ ಬೂಷ್ಟು ಹಿಡಿಯುತ್ತದೆ, ನಕಲಿಯದು ಚಕ್ಕೆ ಚಕ್ಕೆಯಾಗಿ ಏಳುತ್ತದೆ. "ಬೂಷ್ಟು ಬಂದ್ರೆ ಒರೆಸ್ಬೋದು ಕಣೆ, ಸಿಪ್ಪೆ ಎದ್ರೆ ಮುಗೀತು" ಎನ್ನುತ್ತಿದ್ದಳು. ಇದನ್ನು ಬ್ಯಾಗಿಗಷ್ಟೇ ಹೇಳುತ್ತಿದ್ದಳೋ ನೆಂಟರನ್ನೂ ಸೇರಿಸಿ ಹೇಳುತ್ತಿದ್ದಳೋ ನನಗೆ ಕೊನೆಗೂ ತಿಳಿಯಲಿಲ್ಲ.

ಅಣ್ಣನ ನಿಶ್ಚಿತಾರ್ಥದಲ್ಲಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಹುಡುಗಿಯ ಸೋದರತ್ತೆ ಹೊಳೆಯುವ ಬ್ಯಾಗೊಂದನ್ನು ಮಡಿಲಲ್ಲಿಟ್ಟುಕೊಂಡು, ಮಗ ಹೊರದೇಶದಿಂದ ತಂದ ಭಾರಿ ಬೆಲೆಯದ್ದೆಂದು ಎಲ್ಲರಿಗೂ ಹೇಳುತ್ತಿದ್ದರು. ದೊಡ್ಡಮ್ಮ ನಯವಾಗಿ ಕೇಳಿ ಇಸಿದುಕೊಂಡಳು. ಮರುಕ್ಷಣ ಆ ಮಹಾತಾಯಿಯ ಬೀಗದ ಕೈ, ಮಾತ್ರೆ, ಬಾಚಣಿಗೆ ಎಲ್ಲ ದೊಡ್ಡಮ್ಮನ ರೇಷ್ಮೆ ಸೀರೆಯ ಮಡಿಲಲ್ಲಿ. ಅಮ್ಮ ನನ್ನ ಕೈ ಹಿಂಡಿದಳು. ದೊಡ್ಡಮ್ಮ ಒಳಗಿನದೆಲ್ಲ ನೋಡಿ, ಸಾಮಾನುಗಳನ್ನು ಇದ್ದಂತೆಯೇ ತುಂಬಿ ವಾಪಸು ಕೊಟ್ಟು, "ಬ್ಯಾಗು ಒರಿಜಿನಲ್ ಅಲ್ಲ ಕಣ್ರೀ. ಹುಡುಗಿ ಒರಿಜಿನಲ್ ಐತೆ. ಲಗ್ನ ಇಟ್ಕಳಿ" ಎಂದಳು. ಮೊದಲು ನಕ್ಕದ್ದು ಹುಡುಗಿಯೇ, ಹಾಗಾಗಿ ಸಂಬಂಧ ಉಳಿಯಿತು. ಈಗ ಅವಳು ನನ್ನ ಅತ್ತಿಗೆ. ಅವಳ ಸೋದರತ್ತೆ ಮಾತ್ರ ಇವತ್ತಿಗೂ ನಮ್ಮ ಮನೆಗೆ ಬರುವಾಗ ಪರ್ಸನ್ನು ಕಾರಿನಲ್ಲೇ ಬಿಟ್ಟು ಬರುತ್ತಾರೆ.

ನಾನು ಚರ್ಮದ ಕೆಲಸ ಕಲಿತು ಬಂದು, ಆಲೂರಿನಲ್ಲಿ ಒಂದು ಕೋಣೆ ಹಿಡಿದು ಬ್ಯಾಗು ಮಾಡುತ್ತೇನೆ ಎಂದಾಗ ಅಪ್ಪ ನನ್ನೊಡನೆ ಮಾತು ಬಿಟ್ಟರು. ನಮ್ಮಂಥ ಮನೆಯ ಹುಡುಗಿ ತೊಗಲು ಹೊಲಿಯುವುದೇ ಎಂಬುದು ಅವರ ಸಂಕಟ. ದೊಡ್ಡಮ್ಮ ಜೀಪು ಓಡಿಸಿಕೊಂಡು ಬಂದಳು, ಕೊಟ್ಟ ಕಾಫಿಯನ್ನು ನಿಂತೇ ಕುಡಿದಳು. "ಏನಪ್ಪಾ, ಹೆಗಲಿಗೆ ಹಾಕ್ಕೊಂಡು ದೇವಸ್ಥಾನಕ್ಕೆ ಹೋದ್ರೆ ಮರ್ಯಾದೆ, ಹೊಲಿದ್ರೆ ಮೈಲಿಗೆಯಾ?" ಎಂದು ಅಪ್ಪನನ್ನು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು. ಅಪ್ಪ ಆಮೇಲೆ ನನ್ನನ್ನು ತಡೆಯಲಿಲ್ಲ.

ಹಾಗಂತ ನನ್ನ ಮೇಲೆ ಕರುಣೆ ತೋರಿಸಿದಳೆಂದು ತಿಳಿಯಬೇಡಿ. ಸಂತೆಯ ದಿನ ಆಲೂರಿಗೆ ಬಂದರೆ ನನ್ನ ಕೋಣೆಗೆ ನುಗ್ಗುತ್ತಿದ್ದಳು. ಅಂಚಿನ ಬಣ್ಣ ದಪ್ಪವಾಯಿತು, ದಾರ ಜಗ್ಗಿದೆ, ಜಿಪ್ಪು ತರಗು, ಹೀಗೆ ಒಂದಲ್ಲ ಒಂದು ತಪ್ಪು. ಜೀಪಿನ ಸದ್ದು ಕೇಳಿದರೆ ನನ್ನ ಜೊತೆ ಹೊಲಿಯುತ್ತಿದ್ದ ಇಬ್ಬರು ಹೆಂಗಸರು ಸೂಜಿ ಕೆಳಗಿಟ್ಟು ಕೂರುತ್ತಿದ್ದರು. ಅವಳ ಬಾಯಿಂದ ಚೆನ್ನಾಗಿದೆ ಎಂಬ ಒಂದು ಮಾತು ಬರಲಿ ಎಂದು ನಾನು ಎಷ್ಟು ಒದ್ದಾಡಿದೆನೋ ದೇವರಿಗೇ ಗೊತ್ತು. ಅವಳದು ಯಾವಾಗಲೂ ಒಂದೇ ಪ್ರಶ್ನೆ, ಇಟಲಿಯದರ ಹಾಗಿದೆಯಾ? ಇಟಲಿಯದು ಅಂದರೆ ದೊಡ್ಡಪ್ಪ ಬೆಳೆಗಾರರ ತಂಡದ ಜೊತೆ ವಿದೇಶಕ್ಕೆ ಹೋದಾಗ ಅವಳಿಗೆಂದು ತಂದ ಕಂದು ಬಣ್ಣದ ಬ್ಯಾಗು. ಅವಳು ಒಳಗು ಹೊರಗು ಮಾಡಿ ನೋಡದ ಬ್ಯಾಗು ಅದೊಂದೇ. ಅದೇ ಅವಳ ಅಳತೆಗೋಲು.

ಆಮೇಲೆ ನನಗೆ ಮೊದಲ ದೊಡ್ಡ ಆರ್ಡರು ಬಂತು. ಸಕಲೇಶಪುರದ ಒಂದು ಎಸ್ಟೇಟಿನ ಮದುವೆ, ಮದುಮಗಳಿಗೊಂದು ಬ್ಯಾಗು, ಹತ್ತಿರದ ಹೆಂಗಸರಿಗೆಲ್ಲ ಒಂದೊಂದು. ಇದು ಕೈಗೂಡದಿದ್ದರೆ ಕೋಣೆ ಖಾಲಿ ಮಾಡಿ ಅಪ್ಪನೆದುರು ನಿಲ್ಲಬೇಕು. ಮದುವೆ ಹತ್ತಿರ ಬಂದರೂ ತಳಕ್ಕೆ ಹಾಕುವ ದಪ್ಪ ಚರ್ಮ ಚೆನ್ನೈನಿಂದ ಬಂದಿರಲಿಲ್ಲ. ಮೇಲೆ ಚರ್ಮ, ಒಳಗೆ ಬಟ್ಟೆ, ನಡುವೆ ರಟ್ಟು ಇಟ್ಟರೆ ಯಾರಿಗೆ ಕಾಣುತ್ತದೆ? ರಟ್ಟು ತಂದೂ ಆಗಿತ್ತು. ಆದರೆ ಹಿಡಿಗಳು ಮಾತ್ರ ಏನು ಮಾಡಿದರೂ ಬಾಗಿ ಬೀಳುತ್ತಿದ್ದವು. ಇಟಲಿಯದರ ಹಿಡಿ ಹೇಗೆ ಹಾಗೆ ನೆಟ್ಟಗೆ ನಿಲ್ಲುತ್ತದೆಂದು ಸುಮ್ಮನೆ ನೋಡಿ ಬರೋಣವೆಂದು ಬೆಳಗೋಡಿಗೆ ಹೋದೆ.

ದೊಡ್ಡಮ್ಮ ಬ್ಯಾಗು ತಂದು ಗವಸು ತೆಗೆದು ಮೇಜಿನ ಮೇಲಿಟ್ಟಳು. ನಾನು ಬಗ್ಗಿ ನೋಡಿದೆ, ಮುಟ್ಟಿ ನೋಡಿದೆ. ಅವಳು ಅತ್ತಿಂದಿತ್ತ ಓಡಾಡಿದಳು.

"ಮೇಲಿಂದ ಏನ್ ಕಾಣ್ತದೆ ನಿಂಗೆ?" ಎಂದಳು.

ಏನೂ ಕಾಣುವುದಿಲ್ಲ ಎಂದೆ. ಅವಳು ಒಳಗೆ ಹೋಗಿ ಕಾಫಿಗಿಡದ ರೆಂಬೆ ಸವರುವ ಕಸಿ ಕತ್ತರಿ ಹಿಡಿದು ಬಂದಳು. ನನಗೆ ಅರ್ಥವಾಗುವಷ್ಟರಲ್ಲಿ ಅದರ ತುದಿ ಹಿಡಿಯ ಹೊಲಿಗೆಯೊಳಗೆ ಇಳಿದಿತ್ತು. ನಾನು ಅವಳ ಕೈ ಹಿಡಿದುಕೊಂಡೆ, ಕೊಡವಿಕೊಂಡಳು. ಪೇಪರು ಓದುತ್ತಿದ್ದ ದೊಡ್ಡಪ್ಪ ಕನ್ನಡಕದ ಮೇಲಿಂದ ನೋಡಿ, "ಅದನ್ನ ಕಸ್ಟಮ್ಸ್‌ನೋರೂ ಬಿಚ್ಚಿರ್ಲಿಲ್ಲ ಮಾರಾಯ್ತಿ" ಎಂದರು. ಅಷ್ಟು ಹೇಳಿ ಮತ್ತೆ ಪೇಪರು ಎತ್ತಿಕೊಂಡರು, ಆದರೆ ಪುಟ ತಿರುಗಿಸಲಿಲ್ಲ.

ಹಿಡಿಯೊಳಗೆ ಚರ್ಮದ ಪಟ್ಟಿಗಳು, ಒಂದರ ಮೇಲೊಂದು, ತುದಿಗೆ ಬರುತ್ತ ತೆಳ್ಳಗೆ ಹೆರೆದು ಅಂಟಿಸಿದ್ದವು. ದಾರಕ್ಕೆ ಮೇಣ ಸವರಿತ್ತು. ದೊಡ್ಡಮ್ಮನ ಹೆಬ್ಬೆರಳು ಅಲ್ಲಿ ಬಹಳ ಹೊತ್ತು ನಿಂತಿತು. ನನಗೆ ಬೇಕಾದದ್ದು ಸಿಕ್ಕಿತು, ಸಾಕು ಎಂದೆ. ಅವಳಿಗೆ ಸಾಲಲಿಲ್ಲ. ಬ್ಯಾಗನ್ನು ಬೋರಲು ಹಾಕಿ ತಳ ಸೀಳಿದಳು. ಒಳಗಿದ್ದದ್ದು ರಟ್ಟು. ನಮ್ಮೂರಿನ ಮಳೆಗಾಲಗಳನ್ನೆಲ್ಲ ಕುಡಿದು ಉಬ್ಬಿ ಕಪ್ಪಾದ ರಟ್ಟು, ಟೀಯಲ್ಲಿ ಅದ್ದಿದ ಬಿಸ್ಕತ್ತಿನಂತೆ ಉದುರಿತು.

ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಕೂತಳು. ಇಷ್ಟು ಕಾಲ ಎಲ್ಲರ ಬ್ಯಾಗಿಗೂ ತೀರ್ಪು ಕೊಟ್ಟವಳು ತನ್ನದನ್ನು ಮಾತ್ರ ನಂಬಿ ಇಟ್ಟುಕೊಂಡಿದ್ದಳು. ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಎಂದುಕೊಂಡೆ. ಅವಳು ರಟ್ಟಿನ ಪುಡಿಯನ್ನು ಅಂಗೈಯಿಂದ ಒಟ್ಟುಮಾಡಿದಳು.

"ಹಿಡಿ ಮಾಡ್ದೋನು ಕೆಲಸಗಾರ. ತಳ ಮಾಡ್ದೋನು ಬರೀ ವ್ಯಾಪಾರಿ" ಎಂದಳು. ಆಮೇಲೆ, "ನೀನು ತಳಕ್ಕೆ ಏನ್ ಹಾಕ್ತಾ ಇದ್ದೀಯ?"

ರಟ್ಟು ಎಂದೆ. ಅವಳು ನನ್ನ ಮುಖ ನೋಡಿದಳು. "ಅವ್ರು ಇಬ್ರಿದ್ರು. ಇಲ್ಲಿ ಹಿಡಿ ಮಾಡೋಳೂ ತಳ ಮಾಡೋಳೂ ನೀನೊಬ್ಳೇ ಕಣೆ" ಎಂದಳು, ಅಷ್ಟೇ.

ಮದುವೆಮನೆಯವರಿಗೆ ನಾನೇ ಹೋಗಿ ಹೇಳಿದೆ, ಕೈಯಲ್ಲಿರುವ ದಪ್ಪ ಚರ್ಮದ ತುಂಡು ಒಂದಕ್ಕಷ್ಟೇ ಸಾಲುತ್ತದೆ, ಮದುಮಗಳ ಬ್ಯಾಗು ಮುಹೂರ್ತಕ್ಕೆ, ಉಳಿದವು ಚರ್ಮ ಬಂದ ಮೇಲೆ. ಅವರಿಗೆ ಸಿಟ್ಟು ಬಂತು, ಅರ್ಧ ಆರ್ಡರು ರದ್ದಾಯಿತು. ಬಸ್ಸಿನಲ್ಲಿ ಅಳುತ್ತಲೇ ಆಲೂರಿಗೆ ಬಂದೆ. ಅಂತೂ ಕೋಣೆ ಉಳಿಯಿತು. ಮುಂದಿನ ಮಳೆಗಾಲ ಕಳೆದ ಮೇಲೆ, ಆರ್ಡರು ರದ್ದು ಮಾಡಿದ ಮನೆಯ ಹೆಂಗಸರೇ ಒಬ್ಬೊಬ್ಬರಾಗಿ ಬಂದರು. ಮದುಮಗಳ ಬ್ಯಾಗು ಇಟ್ಟಲ್ಲಿ ಇಟ್ಟ ಹಾಗೇ ನಿಲ್ಲುತ್ತಿತ್ತಂತೆ.

ಕತ್ತರಿಸಿದ ಬ್ಯಾಗಿಗೆ ಬದಲಾಗಿ ದೊಡ್ಡಮ್ಮನಿಗೆ ಒಂದನ್ನು ನಾನೇ ಹೊಲಿದೆ. ಅಂಥದ್ದನ್ನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಅವಳು ಅಂಚು ಸವರಿದಳು, ಮೂಸಿದಳು, ಹೆಗಲಿಗೆ ಹಾಕಿಕೊಂಡು ಜೀಪು ಹತ್ತಿದಳು. ಮಾರನೆಯ ವಾರ ನೋಡಿದರೆ ಅದರೊಳಗೆ ಕಸಿ ಕತ್ತರಿ, ಟಿಫನ್ ಡಬ್ಬಿ, ಎಲೆಯಡಿಕೆ. ಕೆಸರು ಮೆತ್ತಿಕೊಂಡು ಜೀಪಿನ ಹಿಂಬದಿಯಲ್ಲಿ ಬಿದ್ದಿತ್ತು. ಬೀರುವಿನಲ್ಲಿ ಗವಸು ತೊಟ್ಟವು ಆರಾಮಾಗಿ ಮಲಗಿರುವಾಗ ನನ್ನದಕ್ಕೆ ಈ ಗತಿಯೇ ಎಂದು ಹೊಟ್ಟೆ ಉರಿಯಿತು. ಒಂದು ತಿಂಗಳು ಅವಳಿಗೆ ಫೋನು ಮಾಡಲಿಲ್ಲ.

ಕಳೆದ ವರ್ಷ ಕೊಯ್ಲು ಮುಗಿಯುವಾಗ ಅವಳಿಗೆ ಎದೆನೋವು ಬಂತು. ಹಾಸನದ ಆಸ್ಪತ್ರೆಗೆ ಹೊರಡುವಾಗ ಯಾವ ಬ್ಯಾಗು ತರಲಿ ಎಂದು ಅಮ್ಮ ಬೀರು ತೆಗೆದರೆ, ಜೀಪಿನಲ್ಲಿರುವುದೇ ಬೇಕು ಎಂದಳಂತೆ. ನಾನು ಹೋದಾಗ ಅದು ದಿಂಬಿನ ಪಕ್ಕದಲ್ಲಿತ್ತು. ಅವಳ ಮೈಯೆಲ್ಲ ಸೋತಿದ್ದರೂ ಹೆಬ್ಬೆರಳು ಮಾತ್ರ ಅಂಚಿನ ಮೇಲೆ ಓಡಾಡುತ್ತಲೇ ಇತ್ತು. ತಡೆಯಲಾಗಲಿಲ್ಲ, ಕೇಳಿಬಿಟ್ಟೆ, ದೊಡ್ಡಮ್ಮ, ಚೆನ್ನಾಗಿದೆಯಾ?

ಅವಳು ಕಣ್ಣು ಮುಚ್ಚಿಕೊಂಡೇ, "ಎಡಗಡೆ ಹಿಡಿ ಬುಡದಲ್ಲಿ ಒಂದು ಹೊಲಿಗೆ ಸಡ್ಲ ಐತೆ. ಮನೆಗೆ ಬಂದ್ಮೇಲೆ ಕೊಡ್ತೀನಿ, ಹಾಕ್ಕೊಡು" ಎಂದಳು.

ಅವಳು ಮನೆಗೆ ಬರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ದೊಡ್ಡಪ್ಪ ಬ್ಯಾಗನ್ನು ತಂದು ನನ್ನ ಕೈಗೆ ಕೊಟ್ಟರು. ಅಂದೇ ಸೂಜಿಗೆ ದಾರ ಪೋಣಿಸಿ, ಮೇಣ ಸವರಿ, ಕಿಟಕಿಯ ಬೆಳಕಿಗೆ ಕೂತೆ. ಎಡಹಿಡಿಯ ಬುಡ ನೋಡಿದೆ. ಬಲದ್ದು ನೋಡಿದೆ, ತಳ ನೋಡಿದೆ, ಅವಳ ಹಾಗೆಯೇ ಒಳಮೈ ಹೊರಗೆಳೆದು ನೋಡಿದೆ. ಒಂದು ಹೊಲಿಗೆಯೂ ಸಡಿಲವಾಗಿರಲಿಲ್ಲ. ಆ ಬೆರಳಿಗೆ ಸ್ಪರ್ಶ ತಪ್ಪಿತ್ತೋ, ಚೆನ್ನಾಗಿದೆ ಎನ್ನಲು ಬಾಯಿ ಬಾರದೆ ಹಾಗೆ ಹೇಳಿದಳೋ, ಇಲ್ಲ ನನ್ನ ಕಣ್ಣಿಗೇ ಕಾಣುತ್ತಿಲ್ಲವೋ. ದಾರ ಪೋಣಿಸಿದ ಸೂಜಿ ಇನ್ನೂ ಹಾಗೇ ಇದೆ. ಕೆಲಸದ ನಡುವೆ ಎದ್ದು ಹೋಗಿ ಆ ಬ್ಯಾಗನ್ನು ಗೋಡೆಯ ಮೊಳೆಯಿಂದ ಇಳಿಸಿ ಮತ್ತೆ ಮತ್ತೆ ಸವರಿ ನೋಡುತ್ತೇನೆ. ನನ್ನ ಬಲಗೈ ಹೆಬ್ಬೆರಳಿನ ಉಗುರನ್ನೂ ಈಗ ಬೆಳೆಯಲು ಬಿಡುವುದಿಲ್ಲ.